ಕಲೆ ಹೋಗುವುದಿಲ್ಲ

"ಇದು ಕಲೆ, ಹೋಗೋದಿಲ್ಲ" ಎಂದು ನನ್ನಾಕೆ ಜುಬ್ಬವನ್ನು ಬೆಳಕಿಗೆ ಹಿಡಿದು ತೀರ್ಪು ಕೊಟ್ಟಳು. ಬಲತೋಳಿನ ಮೇಲೆ ನೀಲಿ ಬಣ್ಣ ಅಂಗೈಯಗಲ ಹರಡಿತ್ತು. ಬಟ್ಟೆಗೆ ಅಂಟಿದರೂ ಕಲೆ, ಗೋಡೆಗೆ ತೂಗುಹಾಕಿದರೂ ಕಲೆ. ಎರಡಕ್ಕೂ ಒಂದೇ ಮಾತನ್ನು ಇಟ್ಟುಕೊಂಡ ನಮ್ಮ ಹಿರೀಕರು ಚಿತ್ರ ಬರೆಯುತ್ತಿದ್ದರೋ ಬಟ್ಟೆ ಒಗೆಯುತ್ತಿದ್ದರೋ, ಯಾರು ಬಲ್ಲರು!

ಅದು ಅಂಟಿದ್ದು ಬೆಂಗಳೂರಿನ ಚಿತ್ರಸಂತೆಯಲ್ಲಿ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯನ್ನು ವಾಹನಗಳಿಂದ ಬಿಡಿಸಿ ಚಿತ್ರಗಳ ಕೈಗೆ ಒಪ್ಪಿಸುತ್ತಾರಲ್ಲ, ಅಲ್ಲಿ. ಹದಿನೈದು ದಿನ ಜ್ವರದಲ್ಲಿ ಮಲಗಿ ಎದ್ದವನಿಗೆ ಗಡ್ಡ ಬೆಳೆದಿತ್ತು. ಷರಟುಗಳೆಲ್ಲ ಇಸ್ತ್ರಿಗೆ ಹೋಗಿದ್ದರಿಂದ ಮೈಮೇಲೆ ಖಾದಿ ಜುಬ್ಬ. ಹೆಗಲ ಚೀಲದಲ್ಲಿ ದಂಟಿನ ಸೊಪ್ಪು. ಕನ್ನಡಕ ಮರೆತಿದ್ದರಿಂದ ಒಂದು ಚಿತ್ರದೆದುರು ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದೆ. ಹೊಸ ಜೋಡಿಯೊಂದು ಹತ್ತಿರ ಬಂದು, "ಸಾರ್, ಇದರಲ್ಲಿ ನೀವು ಏನು ಹೇಳೋಕೆ ಹೊರಟಿದ್ದೀರಿ?" ಎಂದಿತು. "ಏನೂ ಇಲ್ಲಮ್ಮ" ಎಂದೆ. ನಿಜವನ್ನೇ ಹೇಳಿದ್ದೆ. ಅವರು ಮಾತ್ರ ಉಪನಿಷತ್ತು ಕೇಳಿದವರ ಹಾಗೆ ತಲೆದೂಗಿದರು.

ಚಿತ್ರ ಬರೆದಾತ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಿದ್ದ. ನುಣ್ಣಗೆ ಬೋಳಿಸಿದ ಗಲ್ಲ, ಪ್ಯಾಂಟಿನೊಳಗೆ ಸಿಕ್ಕಿಸಿದ ಷರಟು, ಜೇಬಿನಲ್ಲಿ ಎರಡು ಪೆನ್ನು. ನೋಡಿದವರು ಪಾಸ್‌ಬುಕ್ ಚಾಚಬೇಕು, ಹಾಗಿದ್ದ. ನನಗೆ ನಾಚಿಕೆಯಾಗಿ ಹಿಂದೆ ಸರಿದೆ. ಹಿಂದೆ ಅವನ ಇನ್ನೂ ಒಣಗದ ಕ್ಯಾನ್ವಾಸಿತ್ತು.

ಗಡ್ಡ, ಜೋಳಿಗೆ, ಮರೆವು, ಸಾಲ, ಹೇಳಿದ ಹೊತ್ತಿಗೆ ಬಾರದಿರುವುದು: ಇವು ಕಲಾವಿದನ ಲಕ್ಷಣಗಳೆಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಕೊನೆಯದೊಂದನ್ನೇ ಹಿಡಿದರೆ ನಮ್ಮ ಬೀದಿಯ ದರ್ಜಿಯನ್ನು ಮೀರಿಸಿದ ಕಲಾವಿದ ಇನ್ನೊಬ್ಬನಿಲ್ಲ. ಯುಗಾದಿಗೆಂದು ಕೊಟ್ಟ ಬಟ್ಟೆ ಅವನ ಕೈಯಿಂದ ಬರುವುದು ಗೌರಿಹಬ್ಬಕ್ಕೆ. ಇತ್ತ ಮೈಸೂರಿನ ಕೆ. ವೆಂಕಟಪ್ಪನವರನ್ನು (1886–1965) ನೋಡಿ. ಮದುವೆಯ ಗೊಡವೆಯಿಲ್ಲ; ಚಿತ್ರ ಸಾಲದೆಂದು ಶೇಷಣ್ಣನವರ ಬಳಿ ವೀಣೆಯನ್ನೂ ಕಲಿತವರು; ಶಿಸ್ತೆಂದರೆ ಶಿಸ್ತು. ಅವರದು ಅರಮನೆಗೆ ಚಿತ್ರ ಬರೆದುಕೊಡುತ್ತಿದ್ದ ಚಿತ್ರಗಾರರ ಮನೆತನ. ಹಿರಿಯರು ಕುಂಚ ಹಿಡಿದರೆ ಅದು ಕಸುಬು. ಮಗ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತು ಬಂದ ಮೇಲೆ ಹಿಡಿದರೆ ಅದು ಕಲೆ. ನಡುವೆ ಇದ್ದದ್ದು ಕಲ್ಕತ್ತೆಯ ರೈಲೊಂದೇ ಏನು?

ಹಿಂದಿನವರಿಗೆ ಈ ತಾಪತ್ರಯವಿರಲಿಲ್ಲ. ವಾತ್ಸ್ಯಾಯನನ ಅರವತ್ನಾಲ್ಕು ಕಲೆಗಳಲ್ಲಿ ಸಂಗೀತ, ಚಿತ್ರಗಳ ಜೊತೆಗೆ ಬಡಗಿತನ, ಅಡುಗೆ, ಹೂಮಾಲೆ ಕಟ್ಟುವುದು, ಗಿಳಿಗೆ ಮಾತು ಕಲಿಸುವುದು, ಟಗರು ಕಾಳಗ ಎಲ್ಲವೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿವೆ. ಪಂಕ್ತಿಭೇದ ಆಮೇಲಿನದು. ಅಮೆರಿಕದಲ್ಲಂತೂ ಅದು ಕೋರ್ಟು ಹತ್ತಿತು. 1926ರಲ್ಲಿ ಬ್ರಾಂಕುಸಿ ಎಂಬ ಶಿಲ್ಪಿಯ ಕಂಚಿನ ಹಕ್ಕಿಯೊಂದು ನ್ಯೂಯಾರ್ಕಿಗೆ ಬಂದಿಳಿಯಿತು. ಅದಕ್ಕೆ ಕೊಕ್ಕಿಲ್ಲ, ರೆಕ್ಕೆಯಿಲ್ಲ. ಸುಂಕದವರು ಅದನ್ನು ಅಡುಗೆ ಪಾತ್ರೆಗಳ ಸಾಲಿಗೆ ಸೇರಿಸಿ ಶೇ. 40 ಸುಂಕ ಜಡಿದರು. ಅದು ಕಲಾಕೃತಿಯೇ ಹೌದೆಂದು ನ್ಯಾಯಾಲಯ ಹೇಳಿದ್ದು 1928ರಲ್ಲಿ. ಎರಡು ವರ್ಷ ಸೌಟಾಗಿದ್ದದ್ದು ಒಂದು ಬೆಳಿಗ್ಗೆ ಶಿಲ್ಪವಾಯಿತು.

ಇಷ್ಟೆಲ್ಲ ತಲೆಗೆ ಹೊಳೆದದ್ದು ನಮ್ಮ ದೇವರಮನೆ ಬಾಗಿಲಿನೆದುರು. ಅದನ್ನು ಮಾಡಿಕೊಟ್ಟ ಆಚಾರ್ರ ಕಿವಿಯ ಸಂದಿಯಲ್ಲಿ ಸದಾ ಒಂದು ಮೋಟು ಪೆನ್ಸಿಲು. ತೇಗದ ಹಲಗೆಯ ಮೇಲೆ ಹೆಬ್ಬೆರಳು ಆಡಿಸಿ, ನಮ್ಮ ಕಣ್ಣಿಗೆ ಕಾಣದ ತರಿಯನ್ನು ಹುಡುಕಿ ಹಿಡಿಯುತ್ತಿದ್ದರು. ಮೇಲ್ಪಟ್ಟಿಯಲ್ಲಿ ಎದುರುಬದುರು ಎರಡು ಹಂಸ ಬೇಕೆಂದು ಹೇಳಿದ್ದೆ. ಕೊಡತಿಯ ಸದ್ದು ನಿಂತ ಮೇಲೆ ಹೋಗಿ ನೋಡಿದರೆ, ಎಡದ್ದು ಹೇಳಿದಂತೆಯೇ ಇತ್ತು. ಬಲದ್ದು ಕುತ್ತಿಗೆ ಹೊರಳಿಸಿ ತನ್ನ ಬೆನ್ನಿನ ಗರಿಯನ್ನೇ ಕೊಕ್ಕಿನಿಂದ ಕೆದಕಿಕೊಳ್ಳುತ್ತಿತ್ತು.

"ಇದೇನು ಆಚಾರ್ರೇ?"

"ಎರಡೂ ಒಂದೇ ಥರ ಆದ್ರೆ ಅಚ್ಚಿಗೆ ಹಾಕಿ ತೆಗ್ದಂಗಿರ್ತದೆ ಸ್ವಾಮಿ. ಇದಕ್ಕೊಂಚೂರು ಮೈ ಕಡೀತಿರ್ಲಿ ಬಿಡಿ."

ಅವರ ಬಿಲ್ಲು ಚದರಡಿ ಲೆಕ್ಕದ್ದು. ಮರ, ಕೂಲಿ, ಪಾಲಿಷು, ಹಿತ್ತಾಳೆ ಗಂಟೆಗಳು, ಎಲ್ಲಕ್ಕೂ ಒಂದೊಂದು ಸಾಲು. ಹಂಸಕ್ಕೆ ಮೈ ಕಡಿದದ್ದಕ್ಕೆ ಸಾಲಿರಲಿಲ್ಲ. ಪಂಡಿತರು ಏನೇ ಹೇಳಲಿ, ನನಗಂತೂ ಗಡಿ ಸಿಕ್ಕಿತು. ಬಿಲ್ಲಿಗೆ ಸೇರುವುದು ಕಸುಬು, ಸೇರದೆ ಮಿಕ್ಕುವುದು ಕಲೆ. ಕಸುಬಿಲ್ಲದವನಿಗೆ ಈ ಮಿಗತೆ ಮಾಡಲು ಬರುವುದೂ ಇಲ್ಲ. ಕುತ್ತಿಗೆ ಹೊರಳಿಸಲು ಮೊದಲು ನೆಟ್ಟಗಿನ ಕುತ್ತಿಗೆ ಕೆತ್ತಲು ಗೊತ್ತಿರಬೇಕು.

13ನೇ ಶತಮಾನದ ಸೋಮನಾಥಪುರದ ಗುಡಿಯಲ್ಲಿ ಮಲ್ಲಿತಮ್ಮ ತನ್ನ ಕೆಲಸದ ಕೆಳಗೆ ಹೆಸರು ಕೊರೆದಿದ್ದಾನೆ. ಪುರಸೊತ್ತಿಲ್ಲದಾಗ ಬರೀ 'ಮಲ್ಲಿ', ಇನ್ನೂ ಅವಸರವಾದರೆ 'ಮ'. ಕೂಲಿಯ ಲೆಕ್ಕಕ್ಕೆ ಬರೆದನೋ, ಹೆಮ್ಮೆಗೆ ಬರೆದನೋ? ಎರಡಕ್ಕೂ ಇರಬಹುದು. ಅವನಿಗೆ ಗಡ್ಡವಿತ್ತೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಮ್ಮ ಆಚಾರ್ರು ಎಲ್ಲೂ ಹೆಸರು ಕೊರೆಯಲಿಲ್ಲ. ಜುಬ್ಬ ಈಗ ನೆಲ ಒರೆಸುವ ಬಟ್ಟೆಯಾಗಿದೆ. ನೀಲಿ ಹಾಗೇ ಇದೆ. ಇನ್ನೊಂದು ಮಾತು ಹೇಳದಿದ್ದರೆ ತಪ್ಪಾದೀತು. ಬಾಗಿಲು ಮುಗಿದ ದಿನ ನಾನು ಚೌಕಾಸಿ ಮಾಡಿ ಬಿಲ್ಲಿನಲ್ಲಿ ಐನೂರು ರೂಪಾಯಿ ಕಡಿಮೆ ಮಾಡಿಸಿದ್ದೆ. ಹಂಸವನ್ನು ಸರಿಯಾಗಿ ನೋಡಿದ್ದು ಆಚಾರ್ರು ಹೋದ ಮೇಲೆ. ನೀವಾದರೂ ಮೊದಲು ನೋಡಿ, ಆಮೇಲೆ ಬಿಲ್ಲು ಕೇಳಿ.