ಊದಿದ ಮೂತಿ, ಊರೆಲ್ಲ ವೈದ್ಯರು

ನಾಯಿಯ ಮುಖ ಊದುವುದಕ್ಕೂ ಭಾನುವಾರಕ್ಕೂ ಏನೋ ಒಳಸಂಚಿರಬೇಕು. ನಮ್ಮ ರಾಜ ತುಂಬೆ ಗಿಡದ ಹತ್ತಿರ ಜೇನುಹುಳದ ಜೊತೆ ಸರಸಕ್ಕೆ ಹೋಗಿ ಬಂದು ಅರ್ಧ ಗಂಟೆಯೂ ಆಗಿರಲಿಲ್ಲ, ಮೂತಿ ಪೂರಿಯ ಹಾಗೆ ಉಬ್ಬಿ ಒಂದು ಕಣ್ಣು ಮುಚ್ಚಿಯೇ ಹೋಯಿತು. ಪಶುವೈದ್ಯರು ಇರುವುದು ಪೇಟೆಯಲ್ಲಿ. ಆಟೋದವನು ಊಟಕ್ಕೆ ಕೂತಿದ್ದಾನೆ.

ಅಷ್ಟರಲ್ಲಿ ಬೀದಿಯ ವೈದ್ಯರೆಲ್ಲ ನಮ್ಮ ಜಗಲಿಗೆ ಬಂದರು. ಒಬ್ಬರು ಸುಣ್ಣ ಹಚ್ಚಿ ಎಂದರು. ಇನ್ನೊಬ್ಬರು ಈರುಳ್ಳಿ ಉಜ್ಜಿ ಎಂದರು. ಎದುರುಮನೆ ಮೇಷ್ಟ್ರು ಜೇಬಿನಿಂದ ಜ್ವರದ ಮಾತ್ರೆಯನ್ನೇ ತೆಗೆದರು: "ಅರ್ಧ ಕೊಡಿ. ಮನುಷ್ಯರಿಗೆ ಆಗೋದು ನಾಯಿಗೆ ಆಗಲ್ವೇ?"

ಫೋನಿನಲ್ಲಿದ್ದ ಡಾಕ್ಟರು "ಆಗಲ್ಲ" ಅಂದರು. ಸುಣ್ಣ ಚರ್ಮ ಸುಡುತ್ತದೆ. ಈರುಳ್ಳಿ ಹೊಟ್ಟೆಗೆ ಹೋದರೆ ನಾಯಿಯ ಕೆಂಪು ರಕ್ತಕಣಗಳು ಒಡೆಯುತ್ತವೆ. ಪ್ಯಾರಾಸಿಟಮಾಲ್ ಅದರ ಯಕೃತ್ತಿಗೆ ಕುತ್ತು, ಐಬುಪ್ರೊಫೆನ್ ಹೊಟ್ಟೆಗೂ ಮೂತ್ರಪಿಂಡಕ್ಕೂ. "ಮೊದಲು ಕೊರಳಪಟ್ಟಿ ಬಿಚ್ಚಿ, ಊತ ಕೊರಳಿಗೂ ಹಬ್ಬಿದರೆ ಉರುಲಾಗುತ್ತೆ. ಆಮೇಲೆ ತುಟಿ ಎತ್ತಿ ವಸಡು ನೋಡಿ."

ಎತ್ತಿದೆ. ವಸಡು ಗುಲಾಬಿ ಬಣ್ಣಕ್ಕಿತ್ತು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳುಚಿ, ತಕ್ಷಣ ಮತ್ತೆ ಕೆಂಪೇರಿತು. ಮೀಸೆಯ ಬುಡದಲ್ಲಿ ಜೇನಿನ ಕೊಂಡಿ ಸಿಕ್ಕಿಕೊಂಡಿತ್ತು, ಅದರ ತುದಿಗೆ ಇನ್ನೂ ವಿಷದ ಚೀಲ. ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದು ತೆಗೆದೆ. ತಿಂಗಳ ಕೊನೆಯಲ್ಲಿ ಆ ಕಾರ್ಡಿನಿಂದ ಏನಾದರೂ ಹೊರಬಂದದ್ದು ಅದೇ ಮೊದಲು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಟ್ಟೆ.

ವಾಂತಿ, ತೂರಾಟ, ಉಸಿರಿನಲ್ಲಿ ಸೀಟಿ, ಬಿಳುಚಿದ ವಸಡು, ಇವುಗಳಲ್ಲಿ ಒಂದು ಕಂಡರೂ ಆಟೋದವನ ಮಜ್ಜಿಗೆಯನ್ನಕ್ಕೆ ಕಾಯಬೇಡಿ ಎಂದರು ಡಾಕ್ಟರು. ಹಾವಿನ ಅನುಮಾನವಿದ್ದರಂತೂ ಮಂಜುಗಡ್ಡೆಯೂ ಬೇಡ, ಬಿಗಿದು ಕಟ್ಟುವುದೂ ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡು ಹೊರಡುವುದೊಂದೇ.

ಮುಖ ಊದಿದ ನಾಯಿಗೆ ನಾವು ಮಾಡಬಹುದಾದ ದೊಡ್ಡ ಶುಶ್ರೂಷೆಯೆಂದರೆ, ಅದರ ಬಾಯಿಗೂ ನೆರೆಹೊರೆಯವರ ಕೈಗೂ ನಡುವೆ ಗಟ್ಟಿಯಾಗಿ ಕೂತಿರುವುದು. ಅಜ್ಜಿಯ ದೃಷ್ಟಿ ತೆಗೆಯುವ ವಿದ್ಯೆಯಾದರೂ ನಿರಪಾಯ ಎಂದುಕೊಂಡಿದ್ದೆ. ಒಣಮೆಣಸಿನಕಾಯಿಯ ಘಾಟಿಗೆ ರಾಜನನ್ನು ಎತ್ತಿಕೊಂಡು ಎಲ್ಲರೂ ಕೆಮ್ಮುತ್ತಾ ಅಂಗಳಕ್ಕೆ ಓಡಿದೆವು. ಅಷ್ಟು ಹೊತ್ತಿಗೆ ಆಟೋ ಬಂತು. ಮೇಷ್ಟ್ರೂ ಹತ್ತಿದರು.

ಡಾಕ್ಟರು ಇಂಜೆಕ್ಷನ್ ಕೊಟ್ಟು ಚೀಟಿ ಬರೆಯತೊಡಗಿದರು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಪಂಚೆ ಮೇಲೆತ್ತಿ ಮಂಡಿ ತೋರಿಸಿದರು: "ಇದಕ್ಕೂ ಒಂದು ಬರೆದುಬಿಡಿ ಸಾರ್. ನಾಯಿಗೆ ಆಗೋದು ಮನುಷ್ಯರಿಗೆ ಆಗಲ್ವೇ?"