ಹೈಬ್ರಿಡ್ ತಳಿಯ ಆ್ಯಪ್

ನಮ್ಮೂರಿನ ಪತ್ತಿನ ಸಹಕಾರ ಸಂಘಕ್ಕೂ ಒಂದು ಆ್ಯಪ್ ಬೇಕೆಂದು ಅಧ್ಯಕ್ಷರಿಗೆ ಹೊಳೆದದ್ದು ಪಕ್ಕದೂರಿನ ಸಂಘದವರು ಮಾಡಿಸಿದ ಮರುದಿನ. ಕೊಟೇಶನ್ ತರಿಸಿದರೆ ಆಂಡ್ರಾಯ್ಡ್‌ಗೊಂದು ಬಿಲ್ಲು, ಐಫೋನಿಗೊಂದು ಬಿಲ್ಲು. "ಒಂದೇ ಗೋಡೆಗೆ ಎರಡು ಸಲ ಸುಣ್ಣದ ಕೂಲಿ ಕೊಡ್ತಾರೇನ್ರೀ?" ಎಂದು ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಗ ಅವತರಿಸಿದವನು ಖಜಾಂಚಿಯವರ ಅಳಿಯನ ಗೆಳೆಯ. "ಹೈಬ್ರಿಡ್ ಮಾಡೋಣ ಸಾರ್. ಒಂದೇ ಕೋಡು, ಎರಡೂ ಫೋನು."

ಹೈಬ್ರಿಡ್ ಎಂದದ್ದೇ ತಡ, ನಿರ್ದೇಶಕ ಮಂಡಳಿಯ ರೈತರ ಮುಖ ಅರಳಿತು. ಮುಸುಕಿನ ಜೋಳದಲ್ಲಿ, ಟೊಮೆಟೊದಲ್ಲಿ ಆ ಪದವನ್ನು ಬಲ್ಲವರು ಅವರು. ಇಳುವರಿ ಜಾಸ್ತಿ. ಬೀಜ ಮಾತ್ರ ಪ್ರತಿ ವರ್ಷ ಅಂಗಡಿಯಿಂದಲೇ ತರಬೇಕು. ಈ ಎರಡನೆಯ ಮಾತು ಸಭೆಯಲ್ಲಿ ಯಾರಿಗೂ ನೆನಪಾಗಲಿಲ್ಲ.

ಹೈಬ್ರಿಡ್ ಆ್ಯಪಿನ ಹೊಟ್ಟೆಯೊಳಗಿರುವುದು ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್‌ಗಳಲ್ಲಿ ಕಟ್ಟಿದ ವೆಬ್ ಪುಟ. ಅದನ್ನು ತೋರಿಸುವುದು ವೆಬ್‌ವ್ಯೂ, ಅಂದರೆ ವಿಳಾಸಪಟ್ಟಿ ಕಿತ್ತುಹಾಕಿದ ಬ್ರೌಸರ್. ಪುಟಕ್ಕೆ ಕ್ಯಾಮೆರಾವೋ ಬೆರಳಚ್ಚೋ ಬೇಕಾದರೆ ಪ್ಲಗಿನ್ ಎಂಬ ಮಧ್ಯವರ್ತಿಯನ್ನು ಹಿಡಿಯಬೇಕು. ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಕೋಡಿನಿಂದ ಎರಡೂ ಫೋನಿಗೆ ಆ್ಯಪ್ ಕಟ್ಟಿಕೊಡುವ ರಿಯಾಕ್ಟ್ ನೇಟಿವ್, ಫ್ಲಟರ್‌ಗಳವರು ತಮ್ಮನ್ನು ಈ ಪಂಕ್ತಿಯಲ್ಲಿ ಕೂರಿಸಬೇಡಿ ಎನ್ನುತ್ತಾರೆ. ನ್ಯಾಯವೇ. ಮೊದಲನೆಯದು ಫೋನಿನ ಸ್ವಂತ ಬಟನ್‌ಗಳನ್ನೇ ಕರೆಸುತ್ತದೆ, ಎರಡನೆಯದು ಪರದೆಯ ಚುಕ್ಕಿ ಚುಕ್ಕಿಯನ್ನೂ ತಾನೇ ಬಿಡಿಸುತ್ತದೆ. ನಮ್ಮ ಸಂಘದ ಆ್ಯಪ್ ಅಂಥ ಮನೆತನದ್ದಲ್ಲ.

ತಳಿಯ ಇತಿಹಾಸವೇನೂ ಸಾಮಾನ್ಯದ್ದಲ್ಲ. 2007ರಲ್ಲಿ ಸ್ಟೀವ್ ಜಾಬ್ಸ್, ಐಫೋನಿಗೆ ಆ್ಯಪ್ ಬೇಕಿದ್ದರೆ ಬ್ರೌಸರಿನಲ್ಲಿ ಓಡುವಂಥದ್ದನ್ನೇ ಬರೆದುಕೊಳ್ಳಿ ಎಂದು ಡೆವಲಪರುಗಳಿಗೆ ಹೇಳಿ, ಮರುವರ್ಷ ಆ್ಯಪ್ ಸ್ಟೋರ್ ತೆರೆದರು. ಅದೇ 2008ರಲ್ಲಿ ಕೆನಡಾದ ನಿಟೋಬಿ ಕಂಪನಿಯವರು ವೆಬ್ ಪುಟಕ್ಕೆ ಆ್ಯಪಿನ ಅಂಗಿ ತೊಡಿಸುವ ಫೋನ್‌ಗ್ಯಾಪ್ ಹುಟ್ಟುಹಾಕಿದರು. 2011ರಲ್ಲಿ ಅಡೋಬಿ ನಿಟೋಬಿಯನ್ನು ಕೊಂಡು, ಕೋಡನ್ನು ಅಪಾಚೆ ಪ್ರತಿಷ್ಠಾನಕ್ಕೆ ದತ್ತು ಕೊಟ್ಟಿತು. ಅಲ್ಲಿ ಅದರ ಹೆಸರು ಕಾರ್ಡೋವಾ. ಬ್ರೌಸರುಗಳು ಸುಧಾರಿಸಿದ ದಿನ ಫೋನ್‌ಗ್ಯಾಪ್ ಇಲ್ಲವಾಗಬೇಕು, ಅದೇ ನಮ್ಮ ಗುರಿ ಎಂದು ಹೆತ್ತವರೇ ಹೇಳಿಕೊಂಡು ಬಂದಿದ್ದರು. 2020ರಲ್ಲಿ ಅಡೋಬಿ ಅದಕ್ಕೆ ಬಾಗಿಲು ಹಾಕಿತು. ನಾಮಕರಣದ ದಿನವೇ ವೈಕುಂಠ ಸಮಾರಾಧನೆಯ ಕಾರ್ಡನ್ನೂ ಅಚ್ಚು ಹಾಕಿಸಿಟ್ಟ ಮನೆ ನಾನಂತೂ ಬೇರೆ ಕಂಡಿಲ್ಲ.

ಎಚ್‌ಟಿಎಂಎಲ್5 ಅನ್ನು ಅತಿಯಾಗಿ ನೆಚ್ಚಿದ್ದೇ ಫೇಸ್‌ಬುಕ್ಕಿನ ದೊಡ್ಡ ತಪ್ಪು ಎಂದು 2012ರಲ್ಲಿ ಮಾರ್ಕ್ ಜುಕರ್‌ಬರ್ಗ್ ವೇದಿಕೆಯ ಮೇಲೆ ಒಪ್ಪಿಕೊಂಡದ್ದನ್ನು ನಾನು ಅಧ್ಯಕ್ಷರಿಗೆ ಹೇಳಿನೋಡಿದೆ. "ಅವರಿಗೆ ಕೋಟಿಗಟ್ಟಲೆ ಮೆಂಬರು. ನಮಗೆ ಎಂಟುನೂರು" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಎಂಟುನೂರು ಪಾಸ್‌ಬುಕ್ಕಿಗೆ ಆಂಡ್ರಾಯ್ಡಿಗೊಂದು, ಐಫೋನಿಗೊಂದು ಎಂದು ಎರಡೆರಡು ನೇಟಿವ್ ಆ್ಯಪ್ ಎಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೇ. ಆದರೆ ಹುಡುಗ ಹೊಸದಾಗಿ ಏನನ್ನೂ ಬರೆಯಲಿಲ್ಲ. ಸಂಘದ ಹಳೇ ವೆಬ್‌ಸೈಟನ್ನೇ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದ.

ಬರೀ ವೆಬ್‌ಸೈಟನ್ನು ಪೊಟ್ಟಣ ಕಟ್ಟಿ ತರಬೇಡಿ ಎಂದು ಆ್ಯಪಲ್ ಕಂಪನಿಯ ನಿಯಮಾವಳಿಯ 4.2ನೇ ಕಲಮು ಹೇಳುತ್ತದೆ. ನಮ್ಮ ಪೊಟ್ಟಣ ವಾಪಸ್ ಬಂತು. ಹುಡುಗ ಧೃತಿಗೆಡದೆ ಬೆರಳಚ್ಚಿನ ಲಾಗಿನ್ನನ್ನೂ ನೋಟಿಫಿಕೇಶನ್ನನ್ನೂ ಸೇರಿಸಿ ಮತ್ತೆ ಕಳಿಸಿದ. ಅಂದಿನಿಂದ ದಿನಾ ಬೆಳಗಿನ ಜಾವ ಐದಕ್ಕೆ ಸಂಘ ನಮಗೆಲ್ಲ ಶುಭೋದಯ ಕೋರುತ್ತದೆ.

ಆ್ಯಪ್ ತೆರೆದರೆ ಮೊದಲು ಬಿಳಿ ಪರದೆ. ಬೆರಳನ್ನು ತುಸು ಹೆಚ್ಚು ಹೊತ್ತು ಇಟ್ಟರೆ ಬಟನ್ ಒತ್ತುವ ಬದಲು ಅದರ ಮೇಲಿನ ಅಕ್ಷರ ನೀಲಿಯಾಗಿ, ಕಾಪಿ ಮಾಡಲೇ ಎಂದು ಕೇಳುತ್ತದೆ. ಮೊಬೈಲ್ ನಂಬರ್ ತುಂಬಲು ಹೋದರೆ ಕೀಬೋರ್ಡ್ ಮೇಲೆದ್ದು ಅದೇ ಖಾನೆಯ ಮೇಲೆ ಮಲಗುತ್ತದೆ. ಒಂದು ಹೆಜ್ಜೆ ಹಿಂದೆ ಹೋಗೋಣವೆಂದು ಬ್ಯಾಕ್ ಒತ್ತಿದರೆ ಆ್ಯಪೇ ಮುಚ್ಚಿಹೋಗುತ್ತದೆ, ಲಂಚ್ ಟೈಮಿನ ಕೌಂಟರಿನಂತೆ. ನೆಟ್ ಹೋದಾಗಲಂತೂ ವೇಷ ಪೂರಾ ಕಳಚಿ, 'ವೆಬ್‌ಪುಟ ಲಭ್ಯವಿಲ್ಲ' ಎಂಬ ಇಂಗ್ಲಿಷ್ ಷರಾದ ಕೆಳಗೆ ಸಂಘದ ವೆಬ್ ವಿಳಾಸ ಪೂರ್ತಿ ಕಾಣಿಸುತ್ತದೆ.

ಕನ್ನಡದ ಪಾಡು ಬೇರೆಯೇ. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಇಟ್ಟಿದ್ದರಿಂದ ಒತ್ತಕ್ಷರಗಳ ಕಾಲು ಕತ್ತರಿಸಿಹೋಗಿದೆ. 'ಮೊತ್ತ' ಹೋಗಿ 'ಮೊತ'. ನಡುಪರದೆಯ ದೊಡ್ಡ ಹಸಿರು ಬಟನ್ನಿನ ಮೇಲೆ 'ಬಡ್ಡಿ' ಎಂದಿರಬೇಕಿತ್ತು. ಅಲ್ಲಿರುವುದು 'ಬಡಿ'.

ವರ್ಷ ತಿರುಗಿತು, ಬೀಜದಂಗಡಿ ನೆನಪಾಯಿತು. ಪ್ಲೇ ಸ್ಟೋರಿನವರು ಆ್ಯಪನ್ನು ಹೊಸ ಆಂಡ್ರಾಯ್ಡಿಗೆ ಹೊಂದಿಸಿ ಎಂದು ವರ್ಷವರ್ಷವೂ ಕೇಳುತ್ತಾರೆ. ಹೊಂದಿಸಹೊರಟರೆ ಬೆರಳಚ್ಚಿನ ಪ್ಲಗಿನ್ ಕೈಕೊಟ್ಟಿತು. ಎಲ್ಲೋ ಕುಳಿತು ಅದನ್ನು ಪುಕ್ಕಟೆ ಬರೆದಿದ್ದ ಪುಣ್ಯಾತ್ಮ ಎಂದೋ ಅದನ್ನು ಕೈಬಿಟ್ಟಿದ್ದ. ನಮ್ಮ ಹುಡುಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದ. ಫೋನ್ ಮಾಡಿದರೆ, "ವೆಬ್‌ವ್ಯೂ ಪ್ರಾಬ್ಲಮ್ ಇರಬೇಕು ಅಂಕಲ್" ಎಂದ. ಪೂರಾ ಸುಳ್ಳೆನ್ನಲೂ ಬಾಯಿ ಬರಲಿಲ್ಲ: 2021ರ ಮಾರ್ಚಿನಲ್ಲಿ ಆಂಡ್ರಾಯ್ಡಿನ ವೆಬ್‌ವ್ಯೂಗೆ ಬಂದ ಒಂದು ಕೆಟ್ಟ ಅಪ್‌ಡೇಟು ಗೂಗಲ್ಲಿನದೇ ಜಿಮೇಲ್ ಸಹಿತ ಎಷ್ಟೋ ಆ್ಯಪುಗಳನ್ನು ಕೆಡವಿತ್ತು. ಊರಿಗೆಲ್ಲ ಒಂದೇ ಬಾವಿಯಾದರೆ ಹಾಗೇ.

ಮೊನ್ನೆ ದೊಡ್ಡಮ್ಮನ ಫೋನು. ಠೇವಣಿಯ ಲೆಕ್ಕ ನೋಡಲು ಸಂಘಕ್ಕೆ ಯಾಕೆ ಬರುತ್ತೀರಿ, ಆ್ಯಪ್ ಇದೆಯಲ್ಲ ಎಂದು ಗುಮಾಸ್ತರು ವಾಪಸ್ ಕಳಿಸಿದ್ದರಂತೆ.

"ಬಡಿ ಅಂತ ಬರೆದಿದೆ ಕಣೋ. ಆಗಿಂದ ಬಡೀತಾನೇ ಇದೀನಿ. ಎಷ್ಟು ಬಡಿದ್ರೆ ದುಡ್ಡು ಕಾಣಿಸುತ್ತೆ?"