ರೂಟಪ್ಪ

ತುಮಕೂರಿನಿಂದ ಬೆಂಗಳೂರಿಗೆ ಪಾಸ್ ಇಟ್ಟುಕೊಂಡು ರೈಲಿನಲ್ಲಿ ಓಡಾಡುವವರಿಗೆಲ್ಲ ಈ ಆಸಾಮಿ ಗೊತ್ತು. ಮಿಕ್ಕವರು ಹರಟೆ ಹೊಡೆಯುವಾಗ ಇವನ ತೊಡೆಯ ಮೇಲೆ ಲ್ಯಾಪ್‌ಟಾಪ್. ಕಪ್ಪು ಪರದೆ, ಬಿಳಿ ಅಕ್ಷರ, ಒಂದು ಚಿತ್ರವೂ ಇಲ್ಲ. ‘ಕೆಟ್ಟೋಗಿದೆಯಾ ಸಾ?’ ಎಂದು ಪಕ್ಕದವರು ಕೇಳಿದರೆ ಕನಿಕರದಿಂದ ನಗುತ್ತಾನೆ. ಯಂತ್ರದ ಸರ್ವಾಧಿಕಾರಿ ಖಾತೆಗೆ ‘ರೂಟ್’ ಎಂಬ ಹೆಸರಿರುವುದರಿಂದ ಇವನನ್ನು ರೂಟಪ್ಪ ಅನ್ನೋಣ. ಇಂಥವರು ಊರಿಗೆ ಹತ್ತು ಜನ ಇದ್ದಾರೆ, ಯಾರೂ ಸಿಟ್ಟಾಗಬೇಕಿಲ್ಲ.

ತಾನು ಕಾಯುವ ಸರ್ವರ್‌ಗಳನ್ನು ರೂಟಪ್ಪ ಕಣ್ಣಾರೆ ಕಂಡವನಲ್ಲ. ಅವು ಎಲ್ಲೋ ಡೇಟಾ ಸೆಂಟರಿನಲ್ಲಿವೆ. ಆದರೆ ಪ್ರತಿಯೊಂದರ ಬೋರ್ಡಿನ ಮೇಲೂ ಬಿಎಂಸಿ ಎಂಬ ಪುಟ್ಟ ಕಂಪ್ಯೂಟರ್ ಇರುತ್ತದೆ. ಸರ್ವರ್ ಆಫ್ ಆಗಿ ಬಿದ್ದಿದ್ದರೂ ಕರೆಂಟು ಬರುತ್ತಿದ್ದರೆ ಇದು ಎಚ್ಚರ. ಗುಬ್ಬಿಯ ಮನೆಯ ಜಗಲಿಯಿಂದ ಅಪ್ಪಣೆ ಕೊಟ್ಟರೂ ಯಂತ್ರವನ್ನು ಎಬ್ಬಿಸುತ್ತದೆ. ಅಪ್ಪಣೆ ಕೊಡುವ ಹಕ್ಕು ಯಾರಿಗೆ ಎಂದು ತೀರ್ಮಾನಿಸುವುದೇ ರೂಟಪ್ಪನ ಕಸುಬು. ಬಿಎಂಸಿ ಜೊತೆ ಮಾತಾಡುವ ಭಾಷೆ ಐಪಿಎಂಐ, ಅದನ್ನಾಡಲು ಇರುವ ಸಲಕರಣೆ ಐಪಿಎಂಐಟೂಲ್. ‘ಐಪಿಎಂಐಟೂಲ್ ಯೂಸರ್ ಲಿಸ್ಟ್ 1’ ಎಂದು ಟೈಪಿಸಿದರೆ ಖಾತೆಗಳ ಪಟ್ಟಿ ಬರುತ್ತದೆ. ಅಧಿಕಾರ ಕೊಡುವುದು ಅಂಕಿಯಲ್ಲಿ: 2 ಸಿಕ್ಕವನು ನೋಡಬಹುದು, ಮುಟ್ಟುವಂತಿಲ್ಲ, 3 ಆಪರೇಟರ್, 4 ಅಡ್ಮಿನಿಸ್ಟ್ರೇಟರ್, 15 ಎಂದರೆ ಒಳಗೇ ಬಿಡಬೇಡ.

ಈ ಅಂಕಿಗಳು ಇವನ ನೆತ್ತಿಗೇರಿವೆ. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ಮುರಿಯುತ್ತಾ, ‘ನಮ್ ಭಾವ ಬರೀ ಆಪರೇಟರ್ ಕಣ್ರೀ. ಆನ್ ಮಾಡ್ತಾರೆ, ಆಫ್ ಮಾಡ್ತಾರೆ. 4 ಇರೋದು ನಮ್ಮಕ್ಕನಿಗೆ’ ಅನ್ನುತ್ತಾನೆ. ಕುಣಿಗಲ್ಲಿನ ಮದುವೆಯೊಂದರಲ್ಲಿ ತಾಂಬೂಲದ ಚೀಲಕ್ಕೆ ಎರಡನೇ ಸಲ ಕೈಯೊಡ್ಡಿದ ನೆಂಟನಿಗೆ ನಿಂತಲ್ಲೇ 15 ಕೊಟ್ಟನಂತೆ.

ಪಾಸ್‌ವರ್ಡಿಗೆ ಮನೆದೇವರು. ಯಡಿಯೂರು ಸಿದ್ಧಲಿಂಗೇಶ್ವರನ ಹೆಸರನ್ನು ಇಂಗ್ಲಿಷಿನಲ್ಲಿ ಜೋಡಿಸಿದರೆ 25 ಅಕ್ಷರ. ಐಪಿಎಂಐ 20ಕ್ಕೆ ನಿಲ್ಲಿಸುತ್ತದೆ. ‘ಯಡಿಯೂರು ತೆಗೀಬೇಕಾಯ್ತು ಸಾ, ಹೋಗಿ ತಪ್ಪುಕಾಣಿಕೆ ಹಾಕ್ಬಂದೆ.’ ಈ ಪರಮ ಗುಟ್ಟನ್ನು ಇಡೀ ಬೋಗಿಗೆ ಕೇಳುವಂತೆ ಹೇಳಿದವನೂ ಅವನೇ.

ಕೆಲಸ ಬಿಟ್ಟು ಹೋದವರದು ಇನ್ನೊಂದು ಕಥೆ. ಐಪಿಎಂಐಟೂಲಿನಲ್ಲಿ ಖಾತೆ ಅಳಿಸುವ ಆಜ್ಞೆಯೇ ಇಲ್ಲ, ‘ಡಿಸೇಬಲ್’ ಮಾಡಿ ಸುಮ್ಮನಾಗಬೇಕು. ಪಹಣಿಯಲ್ಲಿ ತೀರಿಹೋದ ತಾತ ಉಳಿದಂತೆ ಹಳಬರು ಪಟ್ಟಿಯಲ್ಲಿ ಉಳಿಯುತ್ತಾರೆ. ಅವರ ಮೇಲೆ ರೂಟಪ್ಪನ ಕಣ್ಣು ಸದಾ ಇದೆ. ಕಣ್ಣು ಬೀಳದಿರುವುದು 2ನೇ ಸಾಲಿನ ಮೇಲೆ. ಡೆಲ್ ಸರ್ವರ್‌ಗಳಲ್ಲಿ ಆ ಸಾಲು ರೂಟ್ ಖಾತೆಯದು. ಬಹುಕಾಲ ಅದಕ್ಕೆ ಕಾರ್ಖಾನೆಯಲ್ಲೇ ಹಾಕಿ ಕಳಿಸುತ್ತಿದ್ದ ಪಾಸ್‌ವರ್ಡ್ ‘ಕ್ಯಾಲ್ವಿನ್’ ಎಂಬುದು ಈ ಕಸುಬಿನವರಿಗೆಲ್ಲ ಬಾಯಿಪಾಠ, ಕಳ್ಳರಿಗೂ. ಬದಲಾಯಿಸಿದೆಯಾ ಎಂದು ಕೇಳಿ ನೋಡಿ. ‘ಭಾನುವಾರ ಮಾಡ್ತೀನಿ ಸಾ, ಈ ವಾರ ಮದುವೆ ಇತ್ತು.’

ನಿಮ್ಮ ಆಫೀಸಿನಲ್ಲೂ ಇಂಥವನಿದ್ದರೆ ದಯವಿಟ್ಟು ಬರುವ ಭಾನುವಾರ ಅವನನ್ನು ಯಾವ ಮದುವೆಗೂ ಕರೆಯಬೇಡಿ.